ಮೆಲ್ಬರ್ನ್‌ಗೆ ಬಂದಾಗ ಹೊರಗೆ ಊಟ ಎಲ್ಲಿ, ಹೇಗೆ? ಹಂತ ಹಂತದ ಸಮಗ್ರ ಮಾರ್ಗದರ್ಶಿ

ಮೆಲ್ಬರ್ನ್‌ನಲ್ಲಿ ಹೋಟೆಲ್‌ಗಳಿಗೆ ಬರವಿಲ್ಲ. ಆದರೂ ಊರಿಂದ ಬಂದವರು ವಾರದಲ್ಲಿ ಎರಡು ರಾತ್ರಿಯಾದರೂ ಬ್ರೆಡ್ಡು, ಬಾಳೆಹಣ್ಣು ತಿಂದು ಮಲಗುತ್ತಾರೆ. ನಮ್ಮ ಮನೆಗೆ ಬಂದ ನೆಂಟರದ್ದು, ಸ್ನೇಹಿತರದ್ದು, ಮಕ್ಕಳನ್ನು ನೋಡಲು ಬಂದ ಅಪ್ಪ ಅಮ್ಮಂದಿರದ್ದು ಹೆಚ್ಚುಕಡಿಮೆ ಒಂದೇ ಕಥೆ.

ತಪ್ಪುವುದು ಕ್ರಮದಲ್ಲಿ. ಮೊದಲು ಫೋನಿನಲ್ಲಿ ಜಾಸ್ತಿ ಸ್ಟಾರ್ ಇರುವ ಹೋಟೆಲ್ ಹುಡುಕುತ್ತಾರೆ. ಆಮೇಲೆ ಅಲ್ಲಿಗೆ ಯಾವ ಟ್ರಾಮ್ ಎಂದು ನೋಡುತ್ತಾರೆ. ಬಾಗಿಲ ಮುಂದೆ ನಿಂತ ಮೇಲೆ ಗಂಟೆ ನೋಡುತ್ತಾರೆ. ಇದನ್ನು ಪೂರ್ತಿ ತಿರುಗಿಸಿ. ಮೊದಲು ಹೊತ್ತು, ಆಮೇಲೆ ಬೀದಿ, ಹೋಟೆಲ್ ಕೊನೆಗೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿದರೆ ಹಸಿದು ವಾಪಸ್ ಬರುವ ಪ್ರಸಂಗ ಬರುವುದಿಲ್ಲ.

## ಹೊರಡುವ ಮುಂಚೆ ಕೈಯಲ್ಲಿ ಏನಿರಬೇಕು

ಇಂಟರ್ನೆಟ್ ಇರುವ ಫೋನು, ಮ್ಯಾಪು. ಅಲ್ಲಿನ ಸಿಮ್ ಇದ್ದರೆ ಒಳ್ಳೆಯದು, ಏಕೆಂದರೆ ಟೇಬಲ್ ಬುಕ್ ಮಾಡಿದಾಗ ಅದನ್ನು ಖಚಿತಪಡಿಸುವ ಮೆಸೇಜು ಆ ನಂಬರಿಗೇ ಬರುತ್ತದೆ.

ಮೈಕಿ ಕಾರ್ಡ್. ರೈಲು, ಟ್ರಾಮ್, ಬಸ್ಸು ಮೂರಕ್ಕೂ ಇದೇ. ನಗರದ ನಡುಭಾಗದಲ್ಲಿ ಟ್ರಾಮ್ ಪುಕ್ಕಟೆ. ಆದರೆ ಒಳ್ಳೆಯ ಊಟದ ಬೀದಿಗಳು ಬಹುಪಾಲು ಆ ಗಡಿಯ ಆಚೆಗಿವೆ. ಗಡಿ ದಾಟುವ ಪ್ರಯಾಣಕ್ಕೆ ಹತ್ತಿದ ಕೂಡಲೇ ಕಾರ್ಡ್ ಮುಟ್ಟಿಸಬೇಕು. ‘ಟ್ರಾಮ್ ಫ್ರೀ ಅಲ್ವಾ’ ಎಂದು ಸುಮ್ನೆ ಕೂತು ದಂಡ ಕಟ್ಟಿದವರನ್ನು ನೋಡಿದ್ದೇನೆ.

ವಿದೇಶದಲ್ಲಿ ನಡೆಯುವ ಒಂದು ಕಾರ್ಡು, ಜೊತೆಗೆ ಸ್ವಲ್ಪ ನಗದು. ನಗದು ತೆಗೆದುಕೊಳ್ಳದ ಕಾಫಿ ಅಂಗಡಿಗಳಿವೆ. ಕಾರ್ಡಿಗಿಂತ ನಗದನ್ನೇ ಇಷ್ಟಪಡುವ ಚಿಕ್ಕ ಹೋಟೆಲ್‌ಗಳೂ ಇವೆ.

ಒಂದು ತೆಳು ಜಾಕೆಟ್. ಬೇಸಿಗೆಯಾದರೂ ಸರಿ. ಮಧ್ಯಾಹ್ನ ಬೆವರು ಬಂದ ದಿನವೇ ಸಂಜೆ ದಕ್ಷಿಣದ ಗಾಳಿ ಬೀಸಿ ಚಳಿ ಹಿಡಿಸುತ್ತದೆ. ಸಿಗುವ ಟೇಬಲ್ ಫುಟ್‌ಪಾತಿನ ಮೇಲೆಯೇ ಇರಬಹುದು.

## ಹಂತ 1: ಹೊತ್ತು ಗೊತ್ತುಮಾಡಿಕೊಳ್ಳಿ

ಜಾಸ್ತಿ ಜನ ಎಡವುವುದು ಇಲ್ಲೇ. ಬಾಗಿಲು ತೆರೆದಿರುವುದು ಬೇರೆ, ಅಡುಗೆಮನೆ ತೆರೆದಿರುವುದು ಬೇರೆ. ಫಲಕದಲ್ಲಿ 10 ಗಂಟೆ ಎಂದಿದ್ದರೂ ಒಲೆ ಆರುವುದು 9ಕ್ಕೋ 9.30ಕ್ಕೋ. ಆಮೇಲೆ ಹೋದರೆ ಕುಡಿಯಲು ಕೊಟ್ಟಾರು, ತಿನ್ನಲು ಏನೂ ಸಿಗದು.

ಸಾಮಾನ್ಯ ಲೆಕ್ಕ ಹೀಗಿದೆ. ಕೆಫೆಗಳು ಬೆಳಗ್ಗೆ 7ಕ್ಕೆಲ್ಲ ತೆರೆದು ಮಧ್ಯಾಹ್ನ 3 ಅಥವಾ 4ಕ್ಕೆ ಮುಚ್ಚುತ್ತವೆ. ಊಟದ ಹೋಟೆಲ್‌ಗಳಲ್ಲಿ ಮಧ್ಯಾಹ್ನದ ಊಟ 12ರಿಂದ 2.30ರವರೆಗೆ. ಆಮೇಲೆ ರಜೆ. ಮತ್ತೆ 5 ಅಥವಾ 5.30ಕ್ಕೆ ಶುರುವಾಗಿ 9ರ ಸುಮಾರಿಗೆ ಮುಗಿಯುತ್ತದೆ. ನಡುವೆ 3ರಿಂದ 5ರವರೆಗೆ ಕೂತು ಉಣ್ಣುವುದಕ್ಕೆ ಜಾಗ ಸಿಗುವುದೇ ಕಷ್ಟ.

ಊರಿಂದ ಬಂದವರಿಗೆ ಹಸಿವಾಗುವುದು ಸರಿಯಾಗಿ ಇದೇ ಹೊತ್ತಿನಲ್ಲಿ. ಇದಕ್ಕೆ ಕಾರಣವಿದೆ. ಅಲ್ಲಿನ ಬೇಸಿಗೆಯಲ್ಲಿ, ಅಂದರೆ ಡಿಸೆಂಬರ್ ಸುಮಾರಿಗೆ, ಮೆಲ್ಬರ್ನ್ ನಮ್ಮೂರಿಗಿಂತ ಐದೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ. ಅಲ್ಲಿ ಮಧ್ಯಾಹ್ನ 1 ಎಂದರೆ ಬೇಸಿಗೆಯಲ್ಲಿ ಹೊಟ್ಟೆಯ ಪಾಲಿಗೆ ಬೆಳಗ್ಗೆ 7.30. ಊಟ ಬೇಡ ಅನಿಸುತ್ತದೆ. 4 ಗಂಟೆಗೆ ಹಸಿವು ಕೆರಳುತ್ತದೆ, ಆಗ ಎಲ್ಲಾ ಬಂದ್. ಮೊದಲ ಮೂರು ದಿನ ಹಸಿವು ಕೇಳಬೇಡಿ, ಗಡಿಯಾರ ನೋಡಿ ಊಟಕ್ಕೆ ಕೂರಿ. 12.30ಕ್ಕೆ ಒಮ್ಮೆ, ಸಂಜೆ 6.30ಕ್ಕೆ ಒಮ್ಮೆ.

ಇನ್ನೊಂದು ಮೋಸ ಬಿಸಿಲಿನದು. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ 8.40ರ ಮೇಲೆ. ‘ಇನ್ನೂ ಬೆಳಕಿದೆ, ಸ್ವಲ್ಪ ಸುತ್ತಾಡಿ ಊಟಕ್ಕೆ ಹೋಗೋಣ’ ಎಂದು ನಗರದ ನಡುವಿನ ‘ಯಾರಾ’ ಎಂಬ ನದಿಯ ದಂಡೆಯಲ್ಲಿ ಅಡ್ಡಾಡುತ್ತೀರಿ. ಕತ್ತಲಾದ ಮೇಲೆ ಬೀದಿಗೆ ಬಂದರೆ ಕುರ್ಚಿಗಳನ್ನು ಟೇಬಲ್ ಮೇಲೆ ಮಗುಚಿ ಇಟ್ಟು ನೆಲ ಒರೆಸುತ್ತಿರುತ್ತಾರೆ. ನಮ್ಮ ಅಪ್ಪ ಅಮ್ಮ ಬಂದ ಎರಡನೇ ದಿನವೇ ಹೀಗಾಯಿತು. ಗಾಜಿನ ಆಚೆಗೆ ದೀಪ ಉರಿಯುತ್ತಿತ್ತು. ಹುಡುಗಿಯೊಬ್ಬಳು ಬಾಗಿಲಿಗೆ ಬಂದು, ಕಿಚನ್ ಮುಚ್ಚಿತು ಎಂದು ಮೆತ್ತಗೆ ಹೇಳಿದಳು. ‘ಅನ್ನ ಅಲ್ಲೇ ಕಾಣಿಸ್ತಾ ಇದೆಯಲ್ಲೋ’ ಅಂದರು ಅಮ್ಮ. ಅಂದಿನಿಂದ ನಮ್ಮ ಮನೆಗೆ ಯಾರೇ ಬಂದರೂ ಮೊದಲು ಹೇಳುವ ಮಾತು ಒಂದೇ: 7 ಗಂಟೆಗೆ ಕೂತಿರಬೇಕು.

ವಾರದ ದಿನವನ್ನೂ ನೋಡಿ. ಸೋಮವಾರ ರಜೆ ಇರುವ ಹೋಟೆಲ್‌ಗಳು ತುಂಬಾ. ಕೆಲವಕ್ಕೆ ಮಂಗಳವಾರವೂ ರಜೆ. ಕ್ವೀನ್ ವಿಕ್ಟೋರಿಯಾ ಮಾರ್ಕೆಟ್ ಹಗಲು ಹೊತ್ತು ಸೋಮವಾರ, ಬುಧವಾರ ಇರುವುದಿಲ್ಲ. ಸೌತ್ ಮೆಲ್ಬರ್ನ್ ಮಾರ್ಕೆಟ್ ಇರುವುದೇ ಬುಧ, ಶುಕ್ರ, ಶನಿ, ಭಾನು. ಗುಡ್ ಫ್ರೈಡೇ ಮತ್ತು ಕ್ರಿಸ್‌ಮಸ್ ದಿನ ಊರೇ ಮುಚ್ಚಿದಂತಿರುತ್ತದೆ. ಜನವರಿಯ ಮೊದಲ ಎರಡು ವಾರ ಚಿಕ್ಕ ಹೋಟೆಲ್‌ನವರು ಬೀಗ ಹಾಕಿ ಸಮುದ್ರ ತೀರಕ್ಕೆ ಹೋಗಿಬಿಡುತ್ತಾರೆ.

ಇದಕ್ಕೆ ತದ್ವಿರುದ್ಧ, ಕೆಲವು ದಿನ ಕಾಲಿಡಲು ಜಾಗವಿರುವುದಿಲ್ಲ. ಜನವರಿಯ ಆಸ್ಟ್ರೇಲಿಯನ್ ಓಪನ್ ಟೆನಿಸ್, ಮಾರ್ಚ್ ಹೊತ್ತಿನ ಕಾರ್ ರೇಸು, ಸೆಪ್ಟೆಂಬರ್ ಕೊನೆಯ ಫುಟ್‌ಬಾಲ್ ಫೈನಲ್, ನವೆಂಬರ್ ಮೊದಲ ಮಂಗಳವಾರದ ಮೆಲ್ಬರ್ನ್ ಕಪ್ ಕುದುರೆ ಪಂದ್ಯ, ಡಿಸೆಂಬರ್ 26ರ ಟೆಸ್ಟ್ ಮ್ಯಾಚು. ಟೆಸ್ಟ್ ನೋಡಲು ಬರುವ ನಮ್ಮವರು ಟಿಕೆಟ್ ಜೊತೆಗೇ ಆ ವಾರದ ರಾತ್ರಿ ಊಟವನ್ನೂ ಬುಕ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

## ಹಂತ 2: ಹೋಟೆಲ್ ಅಲ್ಲ, ಬೀದಿ ಆರಿಸಿ

ಒಂದೇ ಹೋಟೆಲ್ ನಂಬಿಕೊಂಡು ಹೋದರೆ, ಅದು ತುಂಬಿದ್ದರೆ ಕಥೆ ಮುಗಿಯಿತು. ಬೀದಿ ನಂಬಿಕೊಂಡು ಹೋದರೆ ಅದರ ಪಕ್ಕದ್ದು ಇದ್ದೇ ಇರುತ್ತದೆ. ಮೆಲ್ಬರ್ನ್‌ನಲ್ಲಿ ಒಂದೊಂದು ಬೀದಿಗೂ ಒಂದೊಂದು ನಾಡಿನ ರುಚಿ. ಹಾಗಾಗಿ ಬೀದಿ ಆರಿಸುವುದು ಎಂದರೆ ಅಡುಗೆಯನ್ನೂ ಆರಿಸಿದ ಹಾಗೆಯೇ.

ಫುಟ್‌ಸ್ಕ್ರೇ. ನನ್ನನ್ನು ಕೇಳಿದರೆ ಕನ್ನಡದವರಿಗೆ ಮೊದಲು ತೋರಿಸಬೇಕಾದ ಜಾಗ ಇದು. ನಗರದಿಂದ ರೈಲಿನಲ್ಲಿ ಸುಮಾರು ಹತ್ತು ನಿಮಿಷ. ಸ್ಟೇಷನ್ ಸುತ್ತ ವಿಯೆಟ್ನಾಂ ಹೋಟೆಲ್‌ಗಳು, ಅವುಗಳ ಜೊತೆಗೆ ಇಥಿಯೋಪಿಯಾದವರ ಹೋಟೆಲ್‌ಗಳು. ಇಥಿಯೋಪಿಯಾದವರಲ್ಲಿ ಇಂಜೆರಾ ಕೇಳಿ. ತೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಹೊಯ್ದ ದೋಸೆ ಅದು. ತಟ್ಟೆಯಷ್ಟಗಲ, ಮೇಲೆಲ್ಲ ತೂತು ತೂತು, ಮುಟ್ಟಿದರೆ ಒದ್ದೆ ಹತ್ತಿಯ ಹಾಗೆ ಮೆತ್ತಗೆ. ಅದರ ಮೇಲೆಯೇ ಕೆಂಪು ಬೇಳೆಯ ಗೊಜ್ಜು, ಕಡಲೆಹಿಟ್ಟಿನ ಶಿರೊ, ಸೊಪ್ಪು, ಎಲೆಕೋಸಿನ ಪಲ್ಯ ಗುಡ್ಡೆ ಗುಡ್ಡೆಯಾಗಿ ಬಡಿಸಿ ತರುತ್ತಾರೆ. ಚಮಚ ಕೊಡುವುದಿಲ್ಲ. ಕೈಯಲ್ಲೇ ಮುರಿದು, ಅದ್ದಿ ತಿನ್ನುವುದು. ಬಲಗೈಯಲ್ಲಿ ತಿನ್ನುವುದೇ ಅವರಲ್ಲೂ ಪದ್ಧತಿ.

ಅವರ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸ ಹಿಡಿಯುತ್ತಾರೆ. ಉಪವಾಸ ಎಂದರೆ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ ಊಟ. ಹಾಗಾಗಿ ಸಸ್ಯಾಹಾರ ಎಂದರೇನು ಎಂದು ಅವರಿಗೆ ಬಿಡಿಸಿ ಹೇಳುವ ಕೆಲಸವಿಲ್ಲ. ‘ಫಾಸ್ಟಿಂಗ್ ಫುಡ್’ ಅಥವಾ ‘ಬೆಯಾಯ್‌ನೆಟು’ ಎಂದು ಕೇಳಿದರೆ ಸಾಕು, ಎಲ್ಲಾ ಪಲ್ಯ ಒಂದೇ ತಟ್ಟೆಯಲ್ಲಿ ಬರುತ್ತದೆ. ಒಂದು ತಟ್ಟೆ ಇಬ್ಬರಿಗೆ ಧಾರಾಳ.

ವೆಸ್ಟ್ ಫುಟ್‌ಸ್ಕ್ರೇಯ ಬಾರ್ಕ್ಲಿ ಸ್ಟ್ರೀಟ್. ಮೂರನೇ ದಿನಕ್ಕೆ ಹಿರಿಯರಿಗೆ ಸಾರಿನ ನೆನಪು ಬರುತ್ತದೆ. ಆಗ ಇಲ್ಲಿಗೆ ಬನ್ನಿ. ಸಾಲಾಗಿ ಇಂಡಿಯನ್ ಹೋಟೆಲ್‌ಗಳಿವೆ, ದೋಸೆ ಇಡ್ಲಿಯೂ ಸಿಗುತ್ತದೆ. ದರ್ಶಿನಿಯ ಗರಿಗರಿ ದೋಸೆ ಸಿಗದಿರಬಹುದು, ಸಾಂಬಾರು ತಮಿಳುನಾಡು ಕಡೆಯ ಹದದ್ದು. ಆದರೂ ಹೊಟ್ಟೆ ಸಮಾಧಾನ ಆಗುತ್ತದೆ. ಊರಿನ ಪೂರ್ವದ ಕಡೆ ಉಳಿದುಕೊಂಡವರಿಗೆ ಡ್ಯಾಂಡೆನಾಂಗ್ ಸ್ಟೇಷನ್ ಹತ್ತಿರದ ಫಾಸ್ಟರ್ ಸ್ಟ್ರೀಟ್ ಇದೆ, ಅದನ್ನು ಲಿಟಲ್ ಇಂಡಿಯಾ ಎಂದೇ ಕರೆಯುತ್ತಾರೆ. ಅಲ್ಲೇ ಥಾಮಸ್ ಸ್ಟ್ರೀಟ್‌ನಲ್ಲಿ ಅಫ್ಘಾನಿಗಳ ರೊಟ್ಟಿ ಅಂಗಡಿಗಳು.

ಬ್ರನ್ಸ್‌ವಿಕ್‌ನ ಸಿಡ್ನಿ ರೋಡ್. ಎಲಿಜಬೆತ್ ಸ್ಟ್ರೀಟ್‌ನಿಂದ 19ನೇ ನಂಬರ್ ಟ್ರಾಮ್. ಲೆಬನಾನಿನವರ ಬೇಕರಿಗಳಿಗೆ ಹೆಸರಾದ ಬೀದಿ. ಏ1 ಬೇಕರಿಯಲ್ಲಿ ಝಾತರ್ ಎಂಬ ಒಣಸೊಪ್ಪಿನ ಮಸಾಲೆ ಹಚ್ಚಿದ ರೊಟ್ಟಿ, ಪಾಲಕ್ ತುಂಬಿದ ತ್ರಿಕೋನದ ಪೈ ಕಮ್ಮಿ ದುಡ್ಡಿಗೆ ಸಿಗುತ್ತವೆ. ನಾಲ್ಕು ಜನ ಸಸ್ಯಾಹಾರಿಗಳು ಹೊಟ್ಟೆ ತುಂಬಾ ತಿಂದರೂ ಬಿಲ್ ನೋಡಿ ಬೆಚ್ಚುವಂತಿಲ್ಲ.

ಕಾರ್ಲ್‌ಟನ್‌ನ ಲೈಗನ್ ಸ್ಟ್ರೀಟ್. ಇಟಲಿಯವರ ಬೀದಿ. ಸ್ಟೇಟ್ ಲೈಬ್ರರಿಯಿಂದ ಉತ್ತರಕ್ಕೆ ನಡೆದೇ ಹೋಗಬಹುದು. ಇಲ್ಲಿ ಒಂದು ಎಚ್ಚರಿಕೆ. ಕೆಲವು ಹೋಟೆಲ್‌ಗಳ ಮುಂದೆ ಮೆನು ಹಿಡಿದು ಕೂಗಿ ಕರೆಯುವವರು ನಿಂತಿರುತ್ತಾರೆ, ರಿಯಾಯಿತಿ ಎನ್ನುತ್ತಾರೆ. ಅಂಥ ಕಡೆ ಕೂರಬೇಡಿ. ಹೆಸರಿರುವ ಹೋಟೆಲ್‌ಗೆ ರಾತ್ರಿ 7 ಗಂಟೆಗೆ ಜನರನ್ನು ಕರೆಯುವ ದರ್ದು ಇರುವುದಿಲ್ಲ. ಟಿಯಾಮೋದಂಥ ಹಳೆಯ ಜಾಗ ಒಳಗಿಂದಲೇ ತುಂಬಿರುತ್ತದೆ.

ವಿಕ್ಟೋರಿಯಾ ಸ್ಟ್ರೀಟ್, ರಿಚ್ಮಂಡ್. 109ನೇ ಟ್ರಾಮ್. ವಿಯೆಟ್ನಾಂ ಊಟ. ಫೋ ಸೂಪು, ಬಾನ್ ಮಿ ಎಂಬ ಉದ್ದ ಬ್ರೆಡ್ಡಿನ ಸ್ಯಾಂಡ್‌ವಿಚ್. ಮಾಂಸ ತಿನ್ನುವವರಿಗೆ ಹಬ್ಬ. ಸಸ್ಯಾಹಾರಿಗಳು ‘ಚಾಯ್’ ಎಂಬ ಪದ ನೆನಪಿಟ್ಟುಕೊಳ್ಳಿ. ಇದು ಟೀ ಅಲ್ಲ, ಅವರ ಭಾಷೆಯಲ್ಲಿ ಸಸ್ಯಾಹಾರಕ್ಕೆ ಹೇಳುವ ಮಾತು. ಫಲಕದಲ್ಲಿ ಆ ಪದ ಇದ್ದರೆ ಧೈರ್ಯವಾಗಿ ಒಳಗೆ ಹೋಗಿ.

ನಗರದ ನಡುವೆಯೇ ಇರಬೇಕು ಅನ್ನುವವರಿಗೆ: ಲಿಟಲ್ ಬರ್ಕ್ ಸ್ಟ್ರೀಟ್‌ನ ಚೈನಾಟೌನ್. ಬರ್ಕ್ ಸ್ಟ್ರೀಟ್‌ನಲ್ಲಿ 1954ರಿಂದ ಇರುವ ಪೆಲೆಗ್ರೀನಿಸ್, ಅಲ್ಲಿ ಕೌಂಟರ್ ಮುಂದಿನ ಎತ್ತರದ ಸ್ಟೂಲಿನಲ್ಲಿ ಕೂತು ಪಾಸ್ತಾ ತಿನ್ನಬೇಕು. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಹಿರಿಯರಿದ್ದರೆ 123 ಸ್ವಾನ್ಸ್‌ಟನ್ ಸ್ಟ್ರೀಟ್‌ನಲ್ಲಿ ಹರೇ ಕೃಷ್ಣದವರ ಕ್ರಾಸ್‌ವೇಸ್ ಎಂಬ ಹೋಟೆಲ್ ಇದೆ. ಮಹಡಿ ಹತ್ತಿ ಹೋಗಬೇಕು, ವಾರದ ದಿನಗಳಲ್ಲಿ ಮಧ್ಯಾಹ್ನದ ಊಟಕ್ಕೆ ಸರಿ. ಮಾರ್ಕೆಟ್ ಇರುವ ದಿನ ಕ್ವೀನ್ ವಿಕ್ಟೋರಿಯಾದ ಡೆಲಿ ಭಾಗದಲ್ಲಿ ಬೊರೆಕ್ ಎಂಬ ಹೂರಣ ತುಂಬಿದ ಬಿಸಿ ರೊಟ್ಟಿ ಸಿಗುತ್ತದೆ, ಪಾಲಕ್ ಮತ್ತು ಚೀಸಿನದ್ದು ಕೇಳಿ. ಹೊರಗೆ ವ್ಯಾನಿನಲ್ಲಿ ಜಾಮ್ ತುಂಬಿದ ಡೋನಟ್ ಕರಿದು ಕೊಡುತ್ತಾರೆ. ಕಚ್ಚುವ ಮುಂಚೆ ಒಂದು ನಿಮಿಷ ಕಾಯಿರಿ, ಒಳಗಿನ ಜಾಮ್ ಕೆಂಡದಷ್ಟು ಬಿಸಿ.

## ಹಂತ 3: ಬೀದಿಯಲ್ಲಿ ಎರಡು ಹೋಟೆಲ್ ಗುರುತು ಮಾಡಿ

ಒಂದಲ್ಲ, ಎರಡು. ಮ್ಯಾಪಿನಲ್ಲಿ ಬೀದಿ ತೆರೆದು, ಹತ್ತಿರ ಹತ್ತಿರ ಇರುವ ಎರಡನ್ನು ಉಳಿಸಿಟ್ಟುಕೊಳ್ಳಿ.

ಸ್ಟಾರ್ ನೋಡಬೇಡಿ ಎನ್ನುವುದಿಲ್ಲ. ಆದರೆ ಅದರ ಮುಂಚೆ ಆ ದಿನದ ಸಮಯ ನೋಡಿ, ಕಳೆದ ಎರಡು ತಿಂಗಳ ಅಭಿಪ್ರಾಯ ಓದಿ, ಮೆನು ತೆರೆದು ಬೆಲೆ ನೋಡಿ. ಹೋಟೆಲ್ ಕೈ ಬದಲಾದರೂ ಹಳೆಯ ಸ್ಟಾರ್‌ಗಳು ಹಾಗೇ ಉಳಿದಿರುತ್ತವೆ. ಮೆನುವೇ ಇಲ್ಲದೆ ಬರೀ ಚಂದದ ಫೋಟೋ ಹಾಕಿದ್ದರೆ ಬಿಟ್ಟುಬಿಡಿ.

ಪದದ ಗೊಂದಲ ಒಂದಿದೆ. ನಮಗೆ ಹೋಟೆಲ್ ಎಂದರೆ ತಿಂಡಿ ಊಟದ ಜಾಗ. ಅಲ್ಲಿ ಹಳೆಯ ಮೂಲೆ ಕಟ್ಟಡದ ಮೇಲೆ ‘ಹೋಟೆಲ್’ ಎಂದಿದ್ದರೆ ಅದು ಸಾಮಾನ್ಯವಾಗಿ ಪಬ್ಬು. ಊಟವೂ ಸಿಗುತ್ತದೆ, ಮಕ್ಕಳನ್ನು ಕರೆದುಕೊಂಡು ಹೋಗಿ ಉಣ್ಣಬಹುದು, ತಪ್ಪೇನಿಲ್ಲ. ಆದರೆ ಇಡ್ಲಿ ಕಾಫಿಯ ನೆನಪಿನಲ್ಲಿ ಒಳಗೆ ಕಾಲಿಟ್ಟ ಅತ್ತೆಯವರು ಬಿಯರ್ ವಾಸನೆಗೆ ಗಾಬರಿಯಾಗುತ್ತಾರೆ. ಮುಂಚೆಯೇ ಹೇಳಿಟ್ಟಿರಿ.

ದುಬಾರಿ ಊಟ ಒಂದಾದರೂ ಬೇಕು ಎನ್ನುವವರು ‘ಗುಡ್ ಫುಡ್ ಗೈಡ್’ ಎಂಬ ಹೋಟೆಲ್ ವಿಮರ್ಶೆಯವರು ಕೊಡುವ ಟೋಪಿಗಳನ್ನು ನೋಡಿ. ಸ್ಟಾರ್ ಬದಲು ಟೋಪಿ, ಒಂದರಿಂದ ಮೂರರವರೆಗೆ. ಹೊಸ ಜಾಗಗಳ ಸುದ್ದಿಗೆ ‘ಬ್ರಾಡ್‌ಶೀಟ್’ ವೆಬ್‌ಸೈಟು. ಸಸ್ಯಾಹಾರಿಗಳಿಗೆ ‘ಹ್ಯಾಪಿಕೌ’ ಆ್ಯಪು.

## ಹಂತ 4: ಟೇಬಲ್ ಬುಕ್ ಮಾಡಿ

ಇಬ್ಬರಾದರೆ ವಾರದ ನಡುವೆ 6 ಗಂಟೆಗೆ ಹಾಗೇ ಹೋದರೂ ಜಾಗ ಸಿಗುತ್ತದೆ. ಶುಕ್ರವಾರ, ಶನಿವಾರ ರಾತ್ರಿಗೆ ಅಥವಾ ನಾಲ್ಕಕ್ಕಿಂತ ಜಾಸ್ತಿ ಜನ ಇದ್ದರೆ ಬುಕ್ ಮಾಡಲೇಬೇಕು. ಹೋಟೆಲ್‌ನ ವೆಬ್‌ಸೈಟಿನಲ್ಲಿ ಇಲ್ಲವೇ ಓಪನ್‌ಟೇಬಲ್ ಎಂಬ ಬುಕಿಂಗ್ ಆ್ಯಪಿನಲ್ಲಿ ಎರಡು ನಿಮಿಷದ ಕೆಲಸ.

ಬುಕ್ ಮಾಡುವಾಗ ಮೂರು ಸಾಲು ಗಮನ ಇಟ್ಟು ಓದಿ. ಒಂದು, ಟೇಬಲ್ ಎಷ್ಟು ಹೊತ್ತು ನಿಮ್ಮದು. ಒಂದೂವರೆ ಗಂಟೆ ಇಲ್ಲವೇ ಎರಡು ಗಂಟೆ ಎಂದು ಬರೆದಿರುತ್ತದೆ, ಆಮೇಲೆ ಮುಂದಿನವರು ಬರುತ್ತಾರೆ. ಇನ್ನೊಂದು, ಕಾರ್ಡ್ ನಂಬರ್ ಕೇಳುತ್ತಾರಾ. ಕೇಳಿದರೆ, ಹೇಳದೆ ಕೇಳದೆ ತಪ್ಪಿಸಿಕೊಂಡವರಿಗೆ ತಲೆಗೆ ಇಷ್ಟು ಎಂದು ದುಡ್ಡು ಕತ್ತರಿಸುತ್ತಾರೆ. ರದ್ದು ಮಾಡಲು ಸಾಮಾನ್ಯವಾಗಿ 24 ಅಥವಾ 48 ಗಂಟೆ ಗಡುವು. ಕೊನೆಯದು, ಜಾಸ್ತಿ ಜನ ಇದ್ದರೆ ‘ಸೆಟ್ ಮೆನು’, ಅಂದರೆ ಅವರೇ ಗೊತ್ತು ಮಾಡಿದ ಊಟ, ಕಡ್ಡಾಯವಾ. ಎಂಟು ಹತ್ತು ಜನರ ಗುಂಪಿಗೆ ಎಷ್ಟೋ ಕಡೆ ಹಾಗೆ ಮಾಡುತ್ತಾರೆ. ಅದರಲ್ಲಿ ಸಸ್ಯಾಹಾರದ ಸಾಲು ಇದೆಯೇ ಎಂದು ಕೇಳಿಯೇ ಒಪ್ಪಿಕೊಳ್ಳಿ.

ತಡವಾದರೆ ಫೋನ್ ಮಾಡಿ. 15 ನಿಮಿಷ ನೋಡಿ ಟೇಬಲ್ ಬೇರೆಯವರಿಗೆ ಕೊಡುತ್ತಾರೆ. ‘ದಾರಿಯಲ್ಲಿದ್ದೇವೆ’ ಎಂದು ಒಂದು ಮಾತು ಹೇಳಿದರೆ ಉಳಿಸಿಡುತ್ತಾರೆ.

## ಹಂತ 5: ಮೆನು ಓದುವುದು

ಸಮಯದ ನಂತರ ಜಾಸ್ತಿ ತಪ್ಪು ಆಗುವುದು ಇಲ್ಲಿ, ಅದರಲ್ಲೂ ಸಸ್ಯಾಹಾರಿಗಳಿಗೆ.

ಪದಗಳಿಂದ ಶುರು ಮಾಡೋಣ. ‘ಎಂಟ್ರೇ’ ಎಂದರೆ ಮುಖ್ಯ ಊಟ ಅಲ್ಲ, ಮೊದಲು ಬರುವ ಚಿಕ್ಕ ತಟ್ಟೆ. ಮುಖ್ಯ ಊಟಕ್ಕೆ ‘ಮೇನ್’ ಎನ್ನುತ್ತಾರೆ. ‘ಚಿಪ್ಸ್’ ಎಂದರೆ ಪೊಟ್ಟಣದ್ದಲ್ಲ, ಬಿಸಿ ಫ್ರೆಂಚ್ ಫ್ರೈಸ್. ‘ಪಾರ್ಮಾ’ ಎಂದರೆ ಪಬ್ಬುಗಳ ಕೋಳಿ ಊಟ.

ಈಗ ‘ಮ್ಯಾರಿನಾರಾ’. ಇದನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಬೆಂಗಳೂರಿನ ಪಿಜ್ಜಾ ಅಂಗಡಿಗಳಲ್ಲಿ ಮ್ಯಾರಿನಾರಾ ಎಂದರೆ ಟೊಮೆಟೊ ಸಾಸು. ಆಸ್ಟ್ರೇಲಿಯಾದಲ್ಲಿ ಮ್ಯಾರಿನಾರಾ ಪಾಸ್ತಾ ಎಂದರೆ ಸಿಗಡಿ, ಮೀನು, ಕಪ್ಪೆಚಿಪ್ಪು ಹಾಕಿದ್ದು. ಶುದ್ಧ ಸಸ್ಯಾಹಾರಿ ಸೋದರತ್ತೆಯೊಬ್ಬರು ನಂಬಿಕೆಯಿಂದ ತರಿಸಿಕೊಂಡು, ಮುಚ್ಚಿದ ಕಪ್ಪು ಚಿಪ್ಪೊಂದನ್ನು ಫೋರ್ಕಿನಿಂದ ತಿರುಗಿಸಿ ನೋಡುತ್ತಾ ‘ಇದು ಯಾವ ಬದನೆಕಾಯಿ’ ಎಂದು ಕೇಳಿದ್ದು ನನಗೆ ಇಂದಿಗೂ ಸಂಕಟ ಕೊಡುತ್ತದೆ. ನಾನೇ ಮುಂಚೆ ಹೇಳಬೇಕಿತ್ತು. ‘ನಾಪೊಲಿಟಾನಾ’ ಪಿಜ್ಜಾದಲ್ಲೂ ಎಷ್ಟೋ ಕಡೆ ಆಂಚೊವಿ ಎಂಬ ಉಪ್ಪು ಮೀನು ಇರುತ್ತದೆ. ಬರೀ ಚೀಸ್ ಟೊಮೆಟೊ ಬೇಕಾದರೆ ‘ಮಾರ್ಗೆರಿಟಾ’ ಹೇಳಿ.

ಅಕ್ಷರದ ಗುರುತುಗಳು: ‘ವಿ’ ಎಂದರೆ ಸಾಮಾನ್ಯವಾಗಿ ವೆಜಿಟೇರಿಯನ್. ‘ವಿಜಿ’ ಅಥವಾ ‘ವಿಇ’ ಎಂದರೆ ವೀಗನ್, ಹಾಲು ಮೊಟ್ಟೆಯೂ ಇಲ್ಲದ್ದು. ಆದರೆ ಕೆಲವರು ‘ವಿ’ಯನ್ನು ವೀಗನ್‌ಗೂ ಬಳಸುತ್ತಾರೆ, ಮೆನುವಿನ ಅಡಿಯಲ್ಲಿ ವಿವರ ಬರೆದಿರುತ್ತದೆ. ಕೊನೆಯಲ್ಲಿ ‘ಒ’ (O) ಸೇರಿದ್ದರೆ ‘ಕೇಳಿದರೆ ಹಾಗೆ ಮಾಡಿಕೊಡುತ್ತೇವೆ’ ಎಂದರ್ಥ. ಕೇಳದಿದ್ದರೆ ಮಾಂಸದ್ದೇ ಬರುತ್ತದೆ. ಅಲ್ಲಿ ವೆಜಿಟೇರಿಯನ್ ಎಂದರೆ ಮೊಟ್ಟೆಯೂ ಸೇರಿದೆ ಎನ್ನುವುದು ನೆನಪಿರಲಿ.

‘ಪ್ಯೂರ್ ವೆಜ್’ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ. ಈ ಸಾಲನ್ನು ಬಾಯಿಪಾಠ ಮಾಡಿ: ‘ನೋ ಮೀಟ್, ನೋ ಫಿಶ್, ನೋ ಎಗ್. ಮಿಲ್ಕ್ ಅಂಡ್ ಚೀಸ್ ಆರ್ ಓಕೆ.’ ಮೊಟ್ಟೆ ಬೇಡವೆನ್ನುವವರಿಗೆ ಎಲ್ಲಕ್ಕಿಂತ ಸುಲಭದ ದಾರಿ ವೀಗನ್ ಗುರುತಿನ ತಿನಿಸನ್ನು ತರಿಸಿ, ಬೇಕಾದರೆ ಮೇಲೆ ಚೀಸ್ ಕೇಳುವುದು.

ಕಣ್ಣಿಗೆ ಕಾಣದೆ ಸೇರಿಕೊಳ್ಳುವವು ಇವು. ಥಾಯ್ ಕರಿ ಪೇಸ್ಟಿನಲ್ಲಿ, ಮಲೇಷಿಯಾದ ಲಕ್ಸಾ ಎಂಬ ನೂಡಲ್ ಸೂಪಿನಲ್ಲಿ ಒಣ ಸಿಗಡಿಯ ಪೇಸ್ಟು. ವಿಯೆಟ್ನಾಂ ಅಡುಗೆಯಲ್ಲಿ ಮೀನಿನ ಸಾಸು. ಚೈನೀಸ್ ಸೊಪ್ಪಿನ ಪಲ್ಯದಲ್ಲಿ ಆಯ್‌ಸ್ಟರ್ ಎಂಬ ಚಿಪ್ಪುಮೀನಿನ ಸಾಸು. ಜಪಾನಿನ ಮಿಸೊ ಸೂಪಿನಲ್ಲಿ ಮೀನಿನ ಸಾರು. ಸೀಸರ್ ಸಲಾಡಿನಲ್ಲಿ ಆಂಚೊವಿ. ಅಸಲಿ ಪಾರ್ಮೆಸಾನ್ ಚೀಸು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಕಿಣ್ವ ಹಾಕಿ ಮಾಡಿದ್ದು. ಪನ್ನಾ ಕೋಟಾ ಎಂಬ ಸಿಹಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್. ತರಕಾರಿ ಸೂಪಿಗೆ ಕೋಳಿಯ ಸ್ಟಾಕ್ ಹಾಕುವುದು ಮಾಮೂಲು.

ಇನ್ನು ಕರಿದ ತಿಂಡಿ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ‘ಫಿಶ್ ಅಂಡ್ ಚಿಪ್ಸ್’ ಅಂಗಡಿಗಳಲ್ಲಿ ‘ಪೊಟೇಟೊ ಕೇಕ್’ ಎಂಬುದು ಸಿಗುತ್ತದೆ. ಕೇಕೂ ಅಲ್ಲ, ಸಿಹಿಯೂ ಅಲ್ಲ, ಸಾಕ್ಷಾತ್ ಆಲೂಗಡ್ಡೆ ಬಜ್ಜಿ. ಬಿಳಿ ಕಾಗದದಲ್ಲಿ ಸುತ್ತಿ ಉಪ್ಪು ಉದುರಿಸಿ ಕೊಡುತ್ತಾರೆ. ಮಳೆ ಸಂಜೆಗೆ ಹೇಳಿ ಮಾಡಿಸಿದ್ದು. ಆದರೆ ಮೀನು ಕರಿದ ಎಣ್ಣೆಯಲ್ಲೇ ಇದನ್ನೂ ಕರಿದಿರುತ್ತಾರೆ, ಕೆಲವು ಕಡೆ ಎಣ್ಣೆಯ ಬದಲು ದನದ ಕೊಬ್ಬು. ಮಡಿ ಇರುವವರು ಕೇಳಿ ತಿನ್ನಿ.

ವೇಟರ್ ತಕ್ಷಣ ‘ಯಾ, ಶೂರ್’ ಎಂದರೆ ಇನ್ನೊಮ್ಮೆ ಕೇಳಿ. ‘ಒಳಗೆ ಕೇಳಿಕೊಂಡು ಬರುತ್ತೇನೆ’ ಎಂದು ಹೋದವರ ಮಾತನ್ನು ನಂಬಬಹುದು.

## ಹಂತ 6: ಆರ್ಡರ್ ಹೇಳುವುದು

ಕೂತು ಹತ್ತು ನಿಮಿಷವಾದರೂ ಯಾರೂ ಬರದಿದ್ದರೆ ಸುತ್ತ ನೋಡಿ. ಪಬ್ಬುಗಳಲ್ಲಿ, ಕೆಲವು ಕೆಫೆಗಳಲ್ಲಿ ಕೌಂಟರಿಗೆ ನೀವೇ ಹೋಗಿ ಹೇಳಿ, ಮೊದಲೇ ದುಡ್ಡು ಕೊಟ್ಟು, ನಂಬರಿನ ಕಡ್ಡಿ ತಂದು ಟೇಬಲ್ ಮೇಲೆ ಇಡಬೇಕು. ಟೇಬಲ್‌ಗೆ ಕ್ಯೂಆರ್ ಕೋಡ್ ಅಂಟಿಸಿದ್ದರೆ ಫೋನಿನಲ್ಲೇ ಆರ್ಡರ್.

‘ಟ್ಯಾಪ್ ವಾಟರ್’ ಎಂದು ಕೇಳಿ. ನಲ್ಲಿ ನೀರು ಕುಡಿಯಲು ಚೆನ್ನಾಗಿದೆ, ಪುಕ್ಕಟೆ. ಬರೀ ‘ವಾಟರ್’ ಎಂದರೆ ‘ಸ್ಟಿಲ್ ಆರ್ ಸ್ಪಾರ್ಕ್ಲಿಂಗ್’ (ಸಾದಾ ನೀರೋ ಸೋಡಾವೋ) ಎಂದು ಕೇಳಿ ಬಾಟಲಿ ತಂದು ಬಿಲ್ಲಿಗೆ ಸೇರಿಸುವವರಿದ್ದಾರೆ.

‘ಬೈ ಟೂ’ ಪದ್ಧತಿ ಕಾಫಿಗೆ ನಡೆಯುವುದಿಲ್ಲ. ಊಟಕ್ಕೆ ನಡೆಯುತ್ತದೆ. ‘ಟು ಶೇರ್’ ಎಂದು ಹೇಳಿ ಖಾಲಿ ತಟ್ಟೆ ಕೇಳಿ. ತಟ್ಟೆಗಳು ದೊಡ್ಡವು. ನಾಲ್ಕು ಜನಕ್ಕೆ ಮೂರು ಮೇನ್, ಎರಡು ಎಂಟ್ರೇ ಸಾಕಾಗುತ್ತದೆ.

ಕಾಫಿ ಬಗ್ಗೆ ಎರಡು ಮಾತು. ನಮ್ಮ ಫಿಲ್ಟರ್ ಕಾಫಿಯ ಗಟ್ಟಿತನ ಬೇಕಾದರೆ ‘ಮ್ಯಾಜಿಕ್’ ಕೇಳಿ. ಗಟ್ಟಿ ಡಿಕಾಕ್ಷನ್ನು ಜಾಸ್ತಿ, ಹಾಲು ಮಿತ, ಮುಕ್ಕಾಲು ಕಪ್ ಮಾತ್ರ. ಇದು ಮೆಲ್ಬರ್ನ್‌ನವರದ್ದೇ ರೂಢಿ. ‘ಚಾಯ್ ಲಾಟೆ’ ಎಂದರೆ ಸಿಹಿ ಪುಡಿಯೋ ಸಿರಪ್ಪೋ ಆಗಿರುವುದೇ ಹೆಚ್ಚು. ‘ಬ್ರೂಡ್ ಚಾಯ್’ ಇದೆಯಾ ಎಂದು ಕೇಳಿ, ಎಲೆ ಕುದಿಸಿದ್ದು ಸಿಗಬಹುದು.

ಉಳಿದದ್ದನ್ನು ಕಟ್ಟಿಸಿಕೊಳ್ಳಲು ಸಂಕೋಚ ಬೇಡ. ‘ಪಾರ್ಸೆಲ್’ ಎಂದರೆ ಅವರು ಪೋಸ್ಟಾಫೀಸು ತೋರಿಸಿಯಾರು. ‘ಟೇಕ್‌ಅವೇ ಬಾಕ್ಸ್’ ಎನ್ನಿ.

## ಹಂತ 7: ಬಿಲ್ಲು

ಮೆನುವಿನಲ್ಲಿ ಕಂಡ ಬೆಲೆಯಲ್ಲಿ 10 ಪರ್ಸೆಂಟ್ ಜಿಎಸ್‌ಟಿ ಸೇರಿಯೇ ಇರುತ್ತದೆ. ಮೇಲೆ ಬೇರೆ ತೆರಿಗೆ ಇಲ್ಲ.

ಆದರೆ ಸರ್‌ಚಾರ್ಜ್ ಇದೆ. ಭಾನುವಾರ ಎಷ್ಟೋ ಕಡೆ 10 ಪರ್ಸೆಂಟ್, ಸರ್ಕಾರಿ ರಜಾ ದಿನ 15 ಪರ್ಸೆಂಟ್ ಜಾಸ್ತಿ ಹಾಕುತ್ತಾರೆ, ಆ ದಿನ ಕೆಲಸದವರ ಸಂಬಳ ಹೆಚ್ಚು ಎಂಬ ಕಾರಣಕ್ಕೆ. ಹಾಗೆ ಹಾಕಬೇಕಾದರೆ ಮೆನುವಿನಲ್ಲಿ ಎದ್ದು ಕಾಣುವಂತೆ ಬರೆದಿರಬೇಕು ಎಂಬ ಕಾನೂನಿದೆ. ಮೆನುವಿನಲ್ಲಿ ಇಲ್ಲದ್ದು ಬಿಲ್ಲಿನಲ್ಲಿ ಬಂದರೆ ಕೇಳಿ, ಕೇಳುವ ಹಕ್ಕು ನಿಮ್ಮದು.

ಟಿಪ್ಸ್ ಕಡ್ಡಾಯವಲ್ಲ. ಯಂತ್ರವನ್ನು ನಿಮ್ಮ ಕಡೆ ತಿರುಗಿಸುತ್ತಾರೆ, ಪರದೆ ಮೇಲೆ 5, 10, 15 ಪರ್ಸೆಂಟ್ ಎಂದು ಮೂರು ದೊಡ್ಡ ಚೌಕಗಳು. ‘ನೋ ಟಿಪ್’ ಎಂಬುದು ಕೆಳಗೆಲ್ಲೋ ಸಣ್ಣಗೆ ಇರುತ್ತದೆ. ಎದುರಿಗೆ ವೇಟರ್ ನಿಂತಿರುವಾಗ ಗಾಬರಿಯಲ್ಲಿ ಮೊದಲು ಕಂಡದ್ದನ್ನು ಒತ್ತಬೇಡಿ. ಸಾವಕಾಶವಾಗಿ ಓದಿ. ಊಟ, ಉಪಚಾರ ಮನಸ್ಸಿಗೆ ಹಿಡಿಸಿದರೆ ಕೊಡಿ.

ಗುಂಪಿನಲ್ಲಿ ಹೋದವರು ನೆನಪಿಡಿ. ಎಷ್ಟೋ ಕಡೆ ಬಿಲ್ ಬಿಡಿಸಿ ಕೊಡುವುದಿಲ್ಲ. ಒಬ್ಬರು ಕಟ್ಟಿ ಆಮೇಲೆ ಲೆಕ್ಕ ಮಾಡಿಕೊಳ್ಳಿ.

‘ಬಿವೈಒ’ ಎಂಬ ಫಲಕ ಕಂಡರೆ, ನಿಮ್ಮ ವೈನ್ ಬಾಟಲಿ ನೀವೇ ತರಬಹುದು ಎಂದು. ಊಟ ತರಬಹುದು ಎಂದಲ್ಲ. ಬಾಟಲಿ ತೆರೆದು ಕೊಡುವುದಕ್ಕೆ ‘ಕಾರ್ಕೇಜ್’ ಎಂದು ಸಣ್ಣ ಮೊತ್ತ ಹಾಕುತ್ತಾರೆ.

## ಹಂತ 8: ಎಲ್ಲಾ ತಪ್ಪಿದ ರಾತ್ರಿಗೆ

ವಿಮಾನ ತಡವಾಯಿತು, ಮ್ಯಾಚು ಎಳೆಯಿತು, ಗಂಟೆ 10 ಆಗಿದೆ. ಆಗ ಹೊರವಲಯದ ಬೀದಿಗಳಿಗೆ ಹೋಗಲೇಬೇಡಿ, ನಗರದ ನಡುವೆಯೇ ಇರಿ. ಚೈನಾಟೌನಿನ ಒಂದೆರಡು ಹೋಟೆಲ್ ತಡರಾತ್ರಿಯವರೆಗೆ ಇರುತ್ತವೆ. ಲಾನ್ಸ್‌ಡೇಲ್ ಮತ್ತು ರಸೆಲ್ ಸ್ಟ್ರೀಟ್ ಸೇರುವ ಮೂಲೆಯಲ್ಲಿ ಸ್ಟ್ಯಾಲಕ್ಟೈಟ್ಸ್ ಎಂಬ ಗ್ರೀಕರ ಹೋಟೆಲ್ ಇದೆ, ತಡವಾಗಿ ಬಂದವರಿಗೆ ಹೆಸರಾದದ್ದು.

ಅದೂ ಬೇಡ, ರೂಮಿಗೇ ಹೋಗೋಣ ಅನಿಸಿದರೆ ದಾರಿಯಲ್ಲಿ ಕೋಲ್ಸ್ ಅಥವಾ ವೂಲ್‌ವರ್ತ್ಸ್ ಸೂಪರ್‌ಮಾರ್ಕೆಟ್ ತೆರೆದಿದೆಯಾ ನೋಡಿ. ಮೈಕ್ರೋವೇವ್‌ನಲ್ಲಿ 90 ಸೆಕೆಂಡಿಗೆ ಬಿಸಿಯಾಗುವ ಅನ್ನದ ಪೊಟ್ಟಣ ಸಿಗುತ್ತದೆ, ಬಾಸುಮತಿ ಬೇಡ, ಸಾದಾ ಬಿಳಿಯದ್ದು ತೆಗೆದುಕೊಳ್ಳಿ. ಒಂದು ಡಬ್ಬಿ ಗ್ರೀಕ್ ಯೋಗರ್ಟ್. ಡಬ್ಬಿಯ ಮೇಲೆ ‘ನ್ಯಾಚುರಲ್’ ಎಂದಿರಬೇಕು, ‘ವೆನಿಲಾ’ ಎಂದಿದ್ದರೆ ಸಿಹಿ. ಗಟ್ಟಿಯಿರುವುದರಿಂದ ಸ್ವಲ್ಪ ನೀರು ಬೆರೆಸಿ, ಉಪ್ಪು ಹಾಕಿ ಅನ್ನದ ಜೊತೆ ಕಲಸಿ, ಮೊಸರನ್ನವಾಯಿತು. ಇಷ್ಟನ್ನು ಬಂದ ಮೊದಲ ದಿನವೇ ತಂದು ರೂಮಿನ ಫ್ರಿಡ್ಜ್‌ನಲ್ಲಿ ಇಟ್ಟುಬಿಡಿ.